‘ಗಟ್ಟಿ’ ಒಂದೇ ಸಾಲುತ್ತಿಲ್ಲ: ತಂತಿಗೆ, ಗಾಜಿಗೆ, ಕಂಬಿಗೆ ಯಾವ ಪದ?

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ಒಂದು ಕಿರಿಯ ತಾಂತ್ರಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಹೈಸ್ಕೂಲ್ ಮಕ್ಕಳೇ, ಆದರೆ ಮಾಮೂಲಿ ವಿಷಯಗಳ ಜೊತೆಗೆ ಎಂಜಿನಿಯರಿಂಗ್ ವಿಷಯವೂ ಇದೆ, ವರ್ಕ್‌ಶಾಪೂ ಇದೆ. ಈಗ ಒಂಬತ್ತನೇ ತರಗತಿಯವರಿಗೆ ವಸ್ತುಗಳನ್ನು ಎಳೆದು, ಬಗ್ಗಿಸಿ, ಮುರಿದು ನೋಡುವ ಪರೀಕ್ಷೆಗಳನ್ನು ಹೇಳಿಕೊಡುತ್ತಿದ್ದೇನೆ. ಪಾಠ ಪೂರ್ತಿ ಕನ್ನಡದಲ್ಲಿ. ಅಲ್ಲಿ ಪದಗಳಿಗೆ ತಡಕಾಡುವ ಹಾಗಾಗಿದೆ. ನಿಮ್ಮ ಸಹಾಯ ಬೇಕು.

ಮೊದಲು ನಡೆದದ್ದು ಹೇಳುತ್ತೇನೆ. ದೊಡ್ಡ ಯಂತ್ರ ನಮ್ಮಲ್ಲಿಲ್ಲ. ಸುಟ್ಟ ಮೋಟಾರಿನಿಂದ ಬಿಚ್ಚಿದ ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯನ್ನು ಒಂದು ಮೀಟರ್ ತೆಗೆದುಕೊಂಡು ತೊಲೆಗೆ ಕಟ್ಟಿದೆವು. ಕೆಳಗೆ ಬಕೆಟ್, ಬಕೆಟ್ ಕೆಳಗೆ ಮರಳು. ಚೊಂಬಿನಲ್ಲಿ ಅಳೆದು ನೀರು ಹಾಕುತ್ತಾ ಹೋದೆವು. ಒಂದು ಲೀಟರ್ ಅಂದರೆ ಒಂದು ಕೆಜಿ, ಲೆಕ್ಕ ಸುಲಭ. ಮೂರನೇ ಲೀಟರ್ ಹೊತ್ತಿಗೆ ಬಕೆಟ್ ಕಣ್ಣಿಗೆ ಕಾಣುವ ಹಾಗೆ ಕೆಳಗಿಳಿಯತೊಡಗಿತು. ನೀರು ತೆಗೆದು ನೋಡಿದರೆ ತಂತಿ ಮೊದಲಿನ ಉದ್ದಕ್ಕೆ ವಾಪಸ್ ಬರಲಿಲ್ಲ. ಆಗ ಒಬ್ಬ ಹುಡುಗಿ ಹೇಳಿದಳು, “ತಂತಿ ಸೋತುಬಿಡ್ತು ಸಾರ್.”

ನನಗೆ ಮೈ ಜುಮ್ಮೆಂದಿತು. ಎಂಜಿನಿಯರುಗಳು ‘ಯೀಲ್ಡ್’ ಎನ್ನುವುದು ಇದನ್ನೇ. ಅದುವರೆಗೆ ತಂತಿ ಹಿಗ್ಗಿದರೂ ಬಿಟ್ಟ ಕೂಡಲೇ ಮೊದಲಿನ ಹಾಗಾಗುತ್ತದೆ. ಅಲ್ಲಿಂದಾಚೆಗೆ ಆಗುವುದಿಲ್ಲ. ನಾನು ‘ಮಣಿಯುವುದು’ ಎಂದು ಬರೆದುಕೊಂಡು ಹೋಗಿದ್ದೆ. ಬಾಗಿದ್ದು ನೆಟ್ಟಗಾಗಬಹುದು, ಮಣಿದದ್ದು ಮಣಿದಂತೆಯೇ. ಆದರೆ ‘ಸೋತಿತು’ ಎಂಬುದರ ಮುಂದೆ ಅದು ಸ್ವಲ್ಪ ಸಪ್ಪೆಯೇ ಅನಿಸಿತು. ಸೋಲುವ ಬಿಂದು, ಮಣಿಯುವ ಬಿಂದು: ನಿಮಗೆ ಯಾವುದು ಸರಿ ಅನ್ನಿಸುತ್ತದೆ?

ಬಕೆಟ್ ಸೇರಿ ನಾಲ್ಕು ಕೆಜಿ ದಾಟಿದ ಮೇಲೆ ತಂತಿ ಹರಿಯಿತು. ಅಷ್ಟರಲ್ಲಿ ಹತ್ತಿರ ಹತ್ತಿರ ಒಂದು ಗೇಣು ಉದ್ದವಾಗಿತ್ತು. ತುದಿ ಸೂಜಿಯ ಮೊನೆಯಂತೆ ಸಣ್ಣಗಾಗಿತ್ತು. ಎಲ್ಲರೂ ಮುಟ್ಟಿ ನೋಡಿದರು. ಆಮೇಲೆ ಬೈಕಿನ ಹಳೇ ಬ್ರೇಕ್ ಕೇಬಲ್ಲಿನ ಒಂದೇ ಒಂದು ಎಳೆ ಕಟ್ಟಿದೆವು. ತಾಮ್ರಕ್ಕಿಂತ ತೆಳ್ಳಗಿತ್ತು, ಆದರೂ ತಾಮ್ರಕ್ಕಿಂತ ಜಾಸ್ತಿ ನೀರು ಹೊತ್ತಿತು. ಹಿಗ್ಗಿದ್ದು ಕಾಣಲೇ ಇಲ್ಲ. ಪಟ್ ಎಂದು ತುಂಡಾಯಿತು. (ಯಾರಾದರೂ ಮಾಡುವುದಾದರೆ ಮಕ್ಕಳಿಗೆ ಕಣ್ಣಿನ ರಕ್ಷಣೆಗೆ ಕನ್ನಡಕ ಹಾಕಿಸಿ, ಉಕ್ಕಿನ ಎಳೆಯ ತುದಿ ಚಾಟಿಯಂತೆ ಬೀಸುತ್ತದೆ.)

ಆಗ ಬಂತು ಪ್ರಶ್ನೆ: “ಹಾಗಾದ್ರೆ ಯಾವುದು ಗಟ್ಟಿ ಸಾರ್?”

ಉಕ್ಕು ಅಂದೆ. ಇನ್ನೊಬ್ಬ ಎದ್ದು, “ಗಾಜಿನ ಚೂರಿನಿಂದ ಮೊಳೆ ಮೇಲೆ ಗೀರು ಎಳೀಬಹುದು ಅಂತ ಹೋದ ವಾರ ತೋರಿಸಿದ್ರಲ್ಲಾ, ಆಗ ಗಾಜೇ ಗಟ್ಟಿ ಅಂದ್ರಿ” ಎಂದ. ಅವನು ಹೇಳಿದ್ದು ನಿಜ. ಗೀರಿನ ವಿಷಯಕ್ಕೆ ಬಂದರೆ ಸಾಮಾನ್ಯ ಕಬ್ಬಿಣದ ಮೊಳೆಗಿಂತ ಗಾಜು ಗಟ್ಟಿ. ಸುತ್ತಿಗೆಯ ವಿಷಯಕ್ಕೆ ಬಂದರೆ ಅಲ್ಲ. ‘ಗಾಜು ಕಬ್ಬಿಣಕ್ಕಿಂತ ಗಟ್ಟಿ’ ಎಂಬ ಒಂದೇ ವಾಕ್ಯ ಸರಿಯೂ ಹೌದು, ತಪ್ಪೂ ಹೌದು.

ಗಟ್ಟಿ ನಮ್ಮ ಭಾಷೆಯಲ್ಲಿ ಎಷ್ಟೊಂದು ಕೆಲಸ ಮಾಡುತ್ತದೆ ನೋಡಿ. ಗಟ್ಟಿ ಮೊಸರು, ಚಿನ್ನದ ಗಟ್ಟಿ, ಗಟ್ಟಿಯಾಗಿ ಓದು, ಗಟ್ಟಿ ಮನಸ್ಸು, ಗಟ್ಟಿಗಿತ್ತಿ. ಕಾಂಕ್ರೀಟ್ ಗಟ್ಟಿಯಾಯಿತು ಎಂದರೆ ಹೆಪ್ಪುಗಟ್ಟಿತು ಎಂದಷ್ಟೇ, ಎಷ್ಟು ಭಾರ ಹೊರುತ್ತದೆ ಎಂದಲ್ಲ. ಮನೆಯಲ್ಲಿ ಇದು ತೊಂದರೆಯೇ ಅಲ್ಲ. ಪ್ರಯೋಗದ ಪುಸ್ತಕದಲ್ಲಿ ಬರೆಯುವಾಗ ತೊಂದರೆ.

ಮೊದಲನೆಯದು, ತುಂಡಾಗದೆ, ಸೋಲದೆ ಎಷ್ಟು ಭಾರ ತಡೆಯುತ್ತದೆ ಎಂಬ ಗುಣ, ಇಂಗ್ಲಿಷಿನ ‘ಸ್ಟ್ರೆಂತ್’. ಅದಕ್ಕೆ ‘ಶಕ್ತಿ’ ಹಾಕೋಣ ಎಂದರೆ, ಪಕ್ಕದ ವಿಜ್ಞಾನದ ತರಗತಿಯಲ್ಲಿ ಶಕ್ತಿ ಎಂದರೆ ಎನರ್ಜಿ. ಬಲ ಎಂದರೆ ಫೋರ್ಸ್. ಸಾಮರ್ಥ್ಯ ಎಂದರೆ ಪವರ್. ಮೂರು ಪದಗಳೂ ಆಗಲೇ ಕೆಲಸಕ್ಕೆ ಸೇರಿಬಿಟ್ಟಿವೆ. ಒತ್ತಡ ಎಂದರೆ ಪ್ರೆಶರ್. ಅದನ್ನೇ ‘ಸ್ಟ್ರೆಸ್’ಗೂ (ವಸ್ತುವಿನೊಳಗೆ ಒಂದೊಂದು ಚದರ ಮಿಲಿಮೀಟರಿಗೆ ಬೀಳುವ ಬಲ) ಹಾಕಿದರೆ, ಎಳೆಯುತ್ತಿರುವ ತಂತಿಯೊಳಗೆ ಒತ್ತಡ ಎಲ್ಲಿಂದ ಬಂತು ಎಂದು ಮಕ್ಕಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ಅಲ್ವಾ?

ನಾನು ಸದ್ಯಕ್ಕೆ ‘ತ್ರಾಣ’ ಎಂದು ಹಿಡಿದಿದ್ದೇನೆ. ಮೈಯಲ್ಲಿ ತ್ರಾಣ ಇಲ್ಲ, ನಿತ್ರಾಣ ಎಂದು ಎಲ್ಲರೂ ಆಡುವ ಮಾತು. ವಿಜ್ಞಾನದ ಪಾಠದಲ್ಲಿ ಇದಕ್ಕೆ ಬೇರೆ ಅರ್ಥ ಅಂಟಿಕೊಂಡಿಲ್ಲ. ಎಳೆತದ ತ್ರಾಣ, ಒತ್ತಿನ ತ್ರಾಣ ಎಂದು ಮುಂದೆ ಒಂದು ಪದ ಸೇರಿಸಿದರೆ ಸಾಕು. ಸೇರಿಸಲೇಬೇಕು ಕೂಡ. ಎಂ20 ಎಂಬ ದರ್ಜೆಯ ಕಾಂಕ್ರೀಟಿನ 150 ಮಿಲಿಮೀಟರ್ ಘನವನ್ನು ಎರೆದ 28 ದಿನಕ್ಕೆ ಯಂತ್ರದಲ್ಲಿಟ್ಟು ಒತ್ತಿದರೆ ಸುಮಾರು 45 ಟನ್ ತಡೆಯಬೇಕು. ಅದೇ ಕಾಂಕ್ರೀಟನ್ನು ಎಳೆದರೆ ಅದರ ಹತ್ತರಲ್ಲೊಂದು ಪಾಲಿನಷ್ಟಕ್ಕೇ ಬಿರುಕು ಬಿಡುತ್ತದೆ. ‘ತಾಳಿಕೆ’ ಎಂಬ ಪದವೂ ಮನಸ್ಸಿನಲ್ಲಿತ್ತು. ಆದರೆ ತಾಳಿಕೆ ಬಾಳಿಕೆ ಎಂದಾಗ ಎಷ್ಟು ವರ್ಷ ಬರುತ್ತದೆ ಎಂಬ ಅರ್ಥವೇ ಮುಂದಾಗುತ್ತದೆ. ಹಾಗಾಗಿ ಬಿಟ್ಟೆ.

ಎರಡನೆಯದು, ಬಗ್ಗದಿರುವ ಗುಣ. ಇದು ತ್ರಾಣವಲ್ಲ ಎಂಬುದು ಮಕ್ಕಳ ತಲೆಗೆ ಇಳಿಯುವುದು ಕಷ್ಟ. ಮನೆ ಕಟ್ಟುವ ಕಡೆ ಕಂಬಿಯ ಮೇಲೆ ಎಫ್‌ಇ 415, ಎಫ್‌ಇ 500 ಎಂದು ಓದಿರುತ್ತಾರೆ. 500 ಎಂದರೆ ಒಂದು ಚದರ ಮಿಲಿಮೀಟರಿಗೆ 500 ನ್ಯೂಟನ್, ಅಂದರೆ ಸುಮಾರು 50 ಕೆಜಿ ಭಾರದವರೆಗೆ ಸೋಲುವುದಿಲ್ಲ ಎಂದು. ಆದರೆ ಒಂದೇ ದಪ್ಪದ ಈ ಎರಡು ಕಂಬಿಗಳನ್ನು ಪಕ್ಕಪಕ್ಕ ಇಟ್ಟು ನಡುವೆ ಚಿಕ್ಕ ಭಾರ ತೂಗುಹಾಕಿ. ಎರಡೂ ಒಂದೇ ಅಷ್ಟು ಜಗ್ಗುತ್ತವೆ! ತ್ರಾಣ ಬೇರೆ ಬೇರೆ, ಬಗ್ಗದಿರುವ ಗುಣ ಒಂದೇ. ಇದಕ್ಕೆ ‘ಸೆಟೆತ’ ಎಂದು ಬಳಸಿದೆ. ಗಂಜಿ ಹಾಕಿದ ಪಂಚೆ ಸೆಟೆದು ನಿಲ್ಲುತ್ತದೆ, ಹಾಗಂತ ಅದು ಹರಿಯುವುದೇನೂ ತಪ್ಪುವುದಿಲ್ಲ. ಈ ಹೋಲಿಕೆ ಹೇಳಿದ ಮೇಲೆ ಯಾರೂ ಮತ್ತೆ ಗೊಂದಲ ಮಾಡಿಕೊಳ್ಳಲಿಲ್ಲ.

ಗೀರು ಬೀಳದಿರುವ ಗುಣಕ್ಕೆ ‘ಗಡಸು’ ಇದೆ. ಮಕ್ಕಳಿಗೆ ಅದು ಮೊದಲು ಗಡಸು ನೀರಿನಿಂದಲೇ ಗೊತ್ತು, ಪರವಾಗಿಲ್ಲ.

ಇನ್ನೊಂದು ವಿಷಯ ಹೇಳದೆ ಇರಲಾರೆ. ಪ್ರಯೋಗ ಆದ ಮೇಲೆ ಮಕ್ಕಳು ಬರೆದದ್ದನ್ನು ಓದುತ್ತಿದ್ದೆ. ತಾಮ್ರದ ತಂತಿ ಹರಿಯಿತು. ಸೀಮೆಸುಣ್ಣ ಮುರಿಯಿತು. ಹೆಂಚು ಒಡೆಯಿತು. ಬಿದಿರು ಸೀಳಿತು. ಇಟ್ಟಿಗೆ ಪುಡಿಯಾಯಿತು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಎಳೆದಾಗ ಹಿಗ್ಗಿ ಹೋಗುವುದು, ಬಗ್ಗಿಸಿದಾಗ ಎರಡಾಗುವುದು, ಪೆಟ್ಟಿಗೆ ಚೂರಾಗುವುದು, ನಾರಿನ ಉದ್ದಕ್ಕೆ ಬಿಡುವುದು, ಭಾರಕ್ಕೆ ಕುಸಿಯುವುದು: ಒಂದೊಂದಕ್ಕೂ ನಮ್ಮಲ್ಲಿ ಒಂದೊಂದು ಕ್ರಿಯಾಪದ ಇದೆ. ಪರೀಕ್ಷೆಗಳ ಹೆಸರನ್ನೇ ಇವುಗಳಿಂದ ಕಟ್ಟಬಾರದೇಕೆ? ಶಾಲೆಯ ವಿಜ್ಞಾನದ ಪುಸ್ತಕದಲ್ಲಿರುವ ತನ್ಯತೆ (ತಂತಿಯಾಗಿ ಎಳೆಯಲು ಬರುವ ಗುಣ), ಕುಟ್ಯತೆ (ಬಡಿದು ತಗಡು ಮಾಡಲು ಬರುವ ಗುಣ) ಎಂಬ ಪದಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ, ಮಾಡಲಿ. ಆದರೆ ತಂತಿ ಕೈಯಲ್ಲಿ ಹಿಡಿದಾಗ ಅವರ ಬಾಯಿಗೆ ಬರುವುದು ಆ ಪದಗಳಲ್ಲ.

ಈಗ ನನ್ನ ನಿಜವಾದ ತೊಡಕು. ಟಫ್‌ನೆಸ್ ಎನ್ನುತ್ತಾರಲ್ಲ, ಪೆಟ್ಟು ತಿಂದರೂ ಲಟಕ್ಕನೆ ಮುರಿಯದ ಗುಣ. ಅದರ ಎದುರಿನದಕ್ಕೆ ‘ಪೆಡಸು’ ಇದೆ. ಗಾಜು ಪೆಡಸು, ಬೀಡು ಕಬ್ಬಿಣ ಪೆಡಸು. ಆದರೆ ಈ ಒಳ್ಳೆಯ ಗುಣಕ್ಕೇ ಹೆಸರು ಸಿಗುತ್ತಿಲ್ಲ. ನುಗ್ಗೆ ಕೊಂಬೆ ಲಟಕ್ಕನೆ ಮುರಿಯುತ್ತದೆ, ಹುಣಸೆ ಬರಲು ಬಾಗುತ್ತದೆ, ಸಿಗಿಯುತ್ತದೆ, ಬಿಟ್ಟು ಬರುವುದಿಲ್ಲ. ಹುಣಸೆಯ ಆ ಗುಣಕ್ಕೆ ಏನೆನ್ನುತ್ತೀರಿ? ‘ಜಿಗುಟು’ ಎಂದರೆ ಅಂಟು ನೆನಪಾಗುತ್ತದೆ. ನಮ್ಮೂರಿನ ಕುಲುಮೆಯಲ್ಲಿ ಮಚ್ಚಿಗೆ ನೀರು ಕುಡಿಸಿ (ಕೆಂಪಗೆ ಕಾದದ್ದನ್ನು ನೀರಿಗೆ ಅದ್ದಿ), ಮತ್ತೆ ಹದವಾಗಿ ಕಾಯಿಸುತ್ತಿದ್ದರು. ಬರೀ ನೀರು ಕುಡಿಸಿ ಬಿಟ್ಟರೆ ಮಚ್ಚು ಗಡಸಾಗುತ್ತದೆ, ಆದರೆ ಬಾಯಿ ಒಡೆಯುತ್ತದೆ. ಕಾಯಿಸಿದ ಮೇಲೆ ‘ಹದ ಬಂತು’ ಎನ್ನುತ್ತಿದ್ದರು. ಹದ ಎಂದರೆ ಬೇಕಾದಷ್ಟು ಎಂದಾಯಿತು. ಆ ಗುಣದ ಹೆಸರು ಅದಲ್ಲ.

ನಿಮ್ಮ ಕಡೆ ಕಮ್ಮಾರರು, ಬಡಗಿಗಳು, ಗಾಡಿ ಮಾಡುವವರು, ಬುಟ್ಟಿ ಹೆಣೆಯುವವರು ಇದಕ್ಕೆ ಏನೆನ್ನುತ್ತಾರೆ? ಉತ್ತರ ಕರ್ನಾಟಕದವರು, ಕರಾವಳಿಯವರು ದಯವಿಟ್ಟು ಬರೆಯಿರಿ. ನಿಘಂಟಿನ ಪದಕ್ಕಿಂತ ಕೇಳಿದ ಮಾತು ಬೇಕು. ಯಾರು, ಯಾವ ವಸ್ತುವನ್ನು ಹಿಡಿದು ಹಾಗೆಂದರು ಎಂಬುದನ್ನೂ ತಿಳಿಸಿದರೆ ಒಳ್ಳೆಯದು. ಸರಪಳಿಗೆ ಸುತ್ತಿಗೆ ಕಟ್ಟಿ ತೂಗಿ ಹೊಡೆಯುವ ಪ್ರಯೋಗ ಮುಂದಿನ ವಾರ ಇದೆ. ಅಷ್ಟರಲ್ಲಿ ಸಿಕ್ಕರೆ ಬೋರ್ಡಿನ ಮೇಲೆ ಅದೇ ಪದ ಬರೆಯುತ್ತೇನೆ.