ರೈಡಿಂಗ್ ಮೋವರ್ ಬಿಸಿಯಾದ ಮೇಲೆ ಏರು ಹತ್ತುತ್ತಿಲ್ಲ, ಹೈಡ್ರೋಗೆ ಯಾವ ಆಯಿಲ್ ಹಾಕಲಿ?

ಕರಿಕಿ_ಧಾರವಾಡ
ನಮಸ್ಕಾರ್ರೀ. ತಲೆ ಕೆಟ್ಟು ಬರೆಯುತ್ತಿದ್ದೇನೆ. ನಮ್ಮ ರೈಡಿಂಗ್ ಮೋವರ್, ಅಂದರೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿ, ಬೆಳಗ್ಗೆ ತಣ್ಣಗಿದ್ದಾಗ ಚೆನ್ನಾಗಿ ಓಡುತ್ತದೆ. ಮುಕ್ಕಾಲು ತಾಸು ಆದ ಮೇಲೆ ಪೆಡಲ್ ಪೂರ್ತಿ ಒತ್ತಿದರೂ ಏರು ಹತ್ತುವುದಿಲ್ಲ. ಎಂಜಿನ್ ಸದ್ದು ಹಾಗೇ ಇರುತ್ತದೆ, ಬ್ಲೇಡ್ ತಿರುಗುತ್ತದೆ, ಗಾಡಿ ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಅರ್ಧ ತಾಸು ಬೇವಿನ ಗಿಡದ ನೆರಳಲ್ಲಿ ನಿಲ್ಲಿಸಿದರೆ ಮತ್ತೆ ಹೊರಡುತ್ತದೆ. ಧಾರವಾಡದ ಜಾಗ ನಿಮಗೆ ಗೊತ್ತೇ ಇದೆ, ಸಪಾಟು ಅನ್ನುವುದೇ ಕಡಿಮೆ. ನಾನು ಗುತ್ತಿಗೆ ಹಿಡಿದಿರುವ ಮಂಗಲ ಕಾರ್ಯಾಲಯದ ಲಾನ್ ಅರ್ಧ ಇಳಿಜಾರು, ಮುಂದಿನ ವಾರ ಅಲ್ಲಿ ಮದುವೆ ಇದೆ. ಹೈಡ್ರೋಸ್ಟ್ಯಾಟಿಕ್‌ಗೆ (ಆಯಿಲ್ ಒತ್ತಡದಿಂದ ಹಿಂದಿನ ಚಕ್ರ ತಿರುಗಿಸುವ ಡಬ್ಬಿ, ಹೈಡ್ರೋ ಅಂತಾರಲ್ಲ ಅದು) ಯಾವ ಆಯಿಲ್ ಒಳ್ಳೆಯದು, ಒಂದೇ ಮಾತಲ್ಲಿ ಹೇಳಿ. ಇವತ್ತೇ ಹುಬ್ಬಳ್ಳಿಗೆ ಹೋಗಿ ತರುತ್ತೇನೆ.

ಬೆಲ್ಟ್_ಗೋಕುಲರೋಡ್
ಆಯಿಲ್ ಅಲ್ಲ, ಬೆಲ್ಟ್. ಬಿಸಿಯಾದ ಮೇಲೆ ಬೆಲ್ಟ್ ಸಡಿಲಾಗಿ ಜಾರುತ್ತದೆ. ಎಂಜಿನ್‌ನಿಂದ ಹೈಡ್ರೋಗೆ ಹೋಗುವ ಬೆಲ್ಟ್ ತೆಗೆದು ನೋಡಿ, ಎರಡೂ ಪಕ್ಕ ಕನ್ನಡಿ ಹಾಗೆ ಹೊಳೆಯುತ್ತಿದ್ದರೆ ಮುಗಿಯಿತು ಅದರ ಕತೆ. ಬೆಲ್ಟ್ ಬಿಗಿ ಹಿಡಿಯುವ ಐಡ್ಲರ್ ಸ್ಪ್ರಿಂಗ್ ಸಹ ನೋಡಿ. ಇಂಥವು ಎಷ್ಟೋ ನೋಡಿದ್ದೇನೆ.

ಹಾವೇರಿ_ಮಿನಿಟ್ರ್ಯಾಕ್ಟರ್
ಅಣ್ಣಾರ, ಟ್ರ್ಯಾಕ್ಟರ್ ಅಂಗಡಿಯಲ್ಲಿ ಸಿಗುವ ವೆಟ್ ಬ್ರೇಕ್ ಆಯಿಲ್ ಹಾಕಿ. ಯುಟಿಟಿಒ ಅಂತ ಡಬ್ಬಿ ಮೇಲೆ ಬರೆದಿರುತ್ತದೆ. ಗೇರ್, ಹೈಡ್ರಾಲಿಕ್, ಬ್ರೇಕ್ ಮೂರಕ್ಕೂ ಒಂದೇ ಆಯಿಲ್. ನಮ್ಮ ಮಿನಿ ಟ್ರ್ಯಾಕ್ಟರ್‌ಗೆ ಮೊದಲಿನಿಂದ ಅದೇ ಹಾಕುತ್ತಿದ್ದೇನೆ, ಮೆಣಸಿನಕಾಯಿ ಹೊಲದ ಸಾಲಿನಲ್ಲಿ ಬೆಳಗಿನಿಂದ ಸಂಜೆತನಕ ಓಡಿಸಿದರೂ ಜಗ್ಗುವುದಿಲ್ಲ. ರೋಟವೇಟರ್, ಸ್ಪ್ರೇಯರ್, ಟ್ರೇಲರ್ ಎಲ್ಲ ಇದೆ ನನ್ನ ಹತ್ತಿರ, ಫೋಟೋ ಬೇಕಾದರೆ ಹಾಕುತ್ತೇನೆ.

ಗಾಳಿಗಿರಣಿ_ಗದಗ
ಮಾಡೆಲ್ ಹೇಳದೆ ಆಯಿಲ್ ಹೇಳುವುದು ಹೇಗ್ರೀ? ಅದೂ ಮೋವರ್ ಮಾಡೆಲ್ ಅಲ್ಲ, ಹೈಡ್ರೋ ಮಾಡೆಲ್. ಮೋವರ್ ಕಂಪನಿ ಬೇರೆ, ಒಳಗಿನ ಹೈಡ್ರೋ ಮಾಡುವ ಕಂಪನಿ ಬೇರೆ. ಸುಮಾರು ಮೋವರ್‌ಗಳಲ್ಲಿ ಟಫ್ ಟಾರ್ಕ್ ಅಥವಾ ಹೈಡ್ರೋ-ಗಿಯರ್ ಕಂಪನಿಯದು ಇರುತ್ತದೆ. ಹಿಂದಿನ ಚಕ್ರಗಳ ನಡುವೆ ಬಗ್ಗಿ ನೋಡಿ, ಅದರ ಮೈಮೇಲೆ ಸಣ್ಣ ಪ್ಲೇಟ್ ಅಥವಾ ಸ್ಟಿಕರ್ ಇರುತ್ತದೆ. ಅದನ್ನು ಒರೆಸಿ ಫೋಟೋ ಹಾಕಿ.

ಪಾನಾ_12
ಗದಗದವರು ಹೇಳಿದ್ದು ಸರಿ. ಆದರೆ ಅದಕ್ಕೂ ಮೊದಲು ಬೆಲ್ಟ್ ಜಗಳ ಮುಗಿಸಿ. ಗಾಡಿ ಬಿಸಿಯಾಗಿ ಏರಿನಲ್ಲಿ ನಿಂತಾಗ ಬ್ಲೇಡ್ ಬಂದ್ ಮಾಡಿ, ಇನ್ನೊಬ್ಬರು ದೂರ ನಿಂತು ಹೈಡ್ರೋ ಮೇಲಿನ ಪುಲ್ಲಿ ನೋಡಲಿ. ಪೆಡಲ್ ಒತ್ತಿದಾಗ ಪುಲ್ಲಿ ನಿಧಾನವಾದರೆ ಬೆಲ್ಟ್ ಜಾರುತ್ತಿದೆ. ಪುಲ್ಲಿ ಜೋರಾಗಿ ತಿರುಗುತ್ತಿದ್ದು ಚಕ್ರ ಮಾತ್ರ ನಿಂತಿದ್ದರೆ ತೊಂದರೆ ಹೈಡ್ರೋ ಒಳಗಿದೆ. ಕೈ ಮಾತ್ರ ಹತ್ತಿರ ಒಯ್ಯಬೇಡಿ.

ಬೆಲ್ಟ್_ಗೋಕುಲರೋಡ್
ಪುಲ್ಲಿ ತಿರುಗುವುದು ಕಣ್ಣಿಗೆ ಎಲ್ಲಿ ಗೊತ್ತಾಗುತ್ತದೆ? ಸುಮ್ನೆ ಬೆಲ್ಟ್ ಬದಲಿಸಿ ನೋಡಲಿ.

ಕರಿಕಿ_ಧಾರವಾಡ
ನೋಡಿದೆ. ಪುಲ್ಲಿ ಮೇಲೆ ಸುಣ್ಣದ ಗುರುತು ಹಾಕಿ ಮಗನನ್ನು ನಿಲ್ಲಿಸಿದ್ದೆ, ಏರಿನಲ್ಲಿ ಗಾಡಿ ನಿಂತಾಗಲೂ ಪುಲ್ಲಿ ಗಿರ್ರನೆ ತಿರುಗುತ್ತಿತ್ತು. ಬೆಲ್ಟ್ ಹೋದ ದೀಪಾವಳಿಗೆ ಹಾಕಿದ್ದು, ಹೊಸದೇ. ಪ್ಲೇಟ್ ಮೇಲೆ ಟಫ್ ಟಾರ್ಕ್ ಕೆ46 ಅಂತ ಇದೆ. ಈಗಾದರೂ ಆಯಿಲ್ ಹೇಳಿ. ಇಲ್ಲಿ ಒಬ್ಬರು 90 ನಂಬರ್ ಗೇರ್ ಆಯಿಲ್ ಹಾಕು, ದಪ್ಪ ಇದ್ದರೆ ಹಿಡಿತ ಜಾಸ್ತಿ ಅಂತಾರೆ.

ಗಾಳಿಗಿರಣಿ_ಗದಗ
90 ಬೇಡವೇ ಬೇಡ. ಇದು ಗೇರ್ ಬಾಕ್ಸ್ ಅಲ್ಲ. ಒಳಗೆ ಒಂದು ಪಿಸ್ಟನ್ ಪಂಪ್ ಇದೆ, ಒಂದು ಮೋಟರ್ ಇದೆ. ನೀವು ಪೆಡಲ್ ಒತ್ತಿದಾಗ ಪಂಪ್‌ನ ಸ್ವಾಶ್ ಪ್ಲೇಟ್ ಅನ್ನುವ ತಟ್ಟೆ ಓರೆಯಾಗುತ್ತದೆ, ಪಿಸ್ಟನ್‌ಗಳು ಆಯಿಲ್ ತಳ್ಳುತ್ತವೆ, ಆ ಆಯಿಲ್ ಮೋಟರ್ ತಿರುಗಿಸುತ್ತದೆ. ಗಾಡಿ ಓಡುವುದೇ ಆಯಿಲ್ ಒತ್ತಡದ ಮೇಲೆ. ಆಯಿಲ್ ಬಿಸಿಯಾಗಿ ತೀರಾ ತೆಳುವಾದರೆ ಪಿಸ್ಟನ್ ಪಕ್ಕದ ಸಂದಿಯಲ್ಲಿ ಒಳಗೊಳಗೇ ಸೋರುತ್ತದೆ, ಒತ್ತಡ ಬೀಳುತ್ತದೆ, ಆ ಸೋರಿಕೆಯಿಂದ ಬಿಸಿ ಇನ್ನೂ ಏರುತ್ತದೆ. ನೀವು ಹೇಳಿದ ಲಕ್ಷಣ ಪೂರ್ತಿ ಇದೇ. ಹಾಗಂತ 90 ಹಾಕಿದರೆ ಬೆಳಗ್ಗೆ ತಣ್ಣಗಿದ್ದಾಗ ಅದನ್ನು ಪಂಪ್ ಎಳೆದುಕೊಳ್ಳಲು ಒದ್ದಾಡುತ್ತದೆ. ಗೇರ್ ಆಯಿಲ್‌ನಲ್ಲಿ ಹಾಕುವ ಗಂಧಕದ ಮದ್ದು ಹಿತ್ತಾಳೆ, ಕಂಚಿನ ಭಾಗಗಳಿಗೂ ಒಳ್ಳೆಯದಲ್ಲ.

ನಾನು ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳ ಕೆಲಸದಲ್ಲಿದ್ದೇನೆ. ಮೇಲಿನ ಗೇರ್ ಬಾಕ್ಸ್‌ಗೆ 320 ಗ್ರೇಡ್ ಸಿಂಥೆಟಿಕ್ ಹಾಕುತ್ತೇವೆ, ಪಕ್ಕದಲ್ಲೇ ಇರುವ ಹೈಡ್ರಾಲಿಕ್‌ಗೆ 32. ಅದನ್ನು ಇದಕ್ಕೆ, ಇದನ್ನು ಅದಕ್ಕೆ ಹಾಕಿದರೆ ಎರಡೂ ಹಾಳು. ಪ್ರತಿ ಸಲ ಸ್ಯಾಂಪಲ್ ತೆಗೆದು ಲ್ಯಾಬ್‌ಗೆ ಕಳಿಸುತ್ತೇವೆ. ಆ ಎತ್ತರದಲ್ಲಿ ನಿಂತು ಆಯಿಲ್ ಬದಲಿಸುವ ಕೆಲಸ ಮಾಡಿದವರಿಗೆ ಗೊತ್ತು ಗ್ರೇಡ್ ಅಂದರೆ ಏನು ಅಂತ.

ಹಾವೇರಿ_ಮಿನಿಟ್ರ್ಯಾಕ್ಟರ್
ಗಾಳಿಯಂತ್ರಕ್ಕೂ ಲಾನ್‌ಗೂ ಏನು ಸಂಬಂಧ? ಯುಟಿಟಿಒ ಹಾಕಿ ಅಂದೆ, ಯಾರೂ ಉತ್ತರ ಕೊಡಲಿಲ್ಲ.

ಪಾನಾ_12
ಕೊಡುತ್ತೇನೆ. ಯುಟಿಟಿಒ ಕೆಟ್ಟ ಆಯಿಲ್ ಅಲ್ಲ. ಟ್ರ್ಯಾಕ್ಟರ್ ಕಂಪನಿ ಅದನ್ನೇ ಹೇಳಿದ್ದರೆ ಅಲ್ಲಿ ಅದೇ ಸರಿ. ಕುಬೋಟಾ ತನ್ನ ಯುಡಿಟಿ ಅನ್ನುತ್ತದೆ, ಜಾನ್ ಡಿಯರ್ ಹೈ-ಗಾರ್ಡ್ ಅನ್ನುತ್ತದೆ, ಎಲ್ಲ ಅದೇ ಜಾತಿ. ಆದರೆ ಕೆ46 ಮ್ಯಾನುಯಲ್‌ನಲ್ಲಿ ಇರುವುದು ಎಂಜಿನ್ ಆಯಿಲ್, 10ಡಬ್ಲ್ಯು-30 (ಮೊದಲ ನಂಬರ್ ತಣ್ಣಗಿದ್ದಾಗಿನ ದಪ್ಪಕ್ಕೆ, ಎರಡನೆಯದು ಬಿಸಿಯಾದಾಗಿನ ದಪ್ಪಕ್ಕೆ). ಹೆಸರಲ್ಲಿ ಹೈಡ್ರೋ ಇದೆ ಅಂತ ಹೈಡ್ರಾಲಿಕ್ ಆಯಿಲ್ ಹುಡುಕುತ್ತಾ ಹೋಗುವವರೇ ಜಾಸ್ತಿ. ಕರಿಕಿ ಅವರೇ, ಒಂದು ಕೇಳಬೇಕಿತ್ತು. ಇದರ ಆಯಿಲ್ ಹಿಂದೆ ಯಾವಾಗಾದರೂ ಯಾರಾದರೂ ಮುಟ್ಟಿದ್ದಾರಾ?

ಕರಿಕಿ_ಧಾರವಾಡ
ಹೌದ್ರಿ, ಅದನ್ನು ಹೇಳಿರಲಿಲ್ಲ ಅಲ್ವಾ. ಫೆಬ್ರವರಿಯಲ್ಲಿ ಸರ್ವಿಸ್‌ಗೆ ಕೊಟ್ಟಿದ್ದೆ. ಮಿಸ್ತ್ರಿ ಮೇಲಿನ ಕರಿ ಮುಚ್ಚಳ ತೆಗೆದು ಪೈಪ್‌ನಿಂದ ಎಷ್ಟು ಬಂತೋ ಅಷ್ಟು ಹಳೇ ಆಯಿಲ್ ಎಳೆದು, ಹೊಸ ಹೈಡ್ರಾಲಿಕ್ ಆಯಿಲ್ ತುಂಬಿದ. ಮಣ್ಣು ಅಗೆಯುವ ಯಂತ್ರಗಳಿಗೆ ಹಾಕುವುದು, 46 ನಂಬರ್ ಅಂತ ಡಬ್ಬಿ ಮೇಲೆ ಇತ್ತು. ಹೊಸ ಆಯಿಲ್ ಹಾಕಿದ್ದರಿಂದ ಅದು ಕಾರಣ ಅಲ್ಲ ಅಂದುಕೊಂಡಿದ್ದೆ.

ಪಾನಾ_12
ಅದೇ ಕಾರಣ. ಮೂರು ದಿನ ಬೆಲ್ಟ್ ಹಿಂದೆ ಓಡಿದೆವು.

46 ಅಂದರೆ 40 ಡಿಗ್ರಿಯಲ್ಲಿ ಅದರ ದಪ್ಪ 46 ಸೆಂಟಿಸ್ಟೋಕ್ (ಆಯಿಲ್ ದಪ್ಪ ಅಳೆಯುವ ಮಾನ). 100 ಡಿಗ್ರಿಗೆ ಬಂದರೆ ಸಾಮಾನ್ಯ 46 ಆಯಿಲ್ ಸುಮಾರು 7ಕ್ಕೆ ಇಳಿಯುತ್ತದೆ. 10ಡಬ್ಲ್ಯು-30 ಅಂದರೆ ಅದೇ 100 ಡಿಗ್ರಿಯಲ್ಲಿ ಕಡಿಮೆ ಅಂದರೂ 9.3 ಇರಲೇಬೇಕು. ಏಪ್ರಿಲ್ ಬಿಸಿಲಲ್ಲಿ, ಏರಿನಲ್ಲಿ, ಎರಡೇ ಲೀಟರ್ ಆಸುಪಾಸು ಆಯಿಲ್ ಇರುವ ಡಬ್ಬಿಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಅದರ ಮೇಲೆ ಹಳೆಯದು ಹೊಸದು ಕಲಬೆರಕೆ ಆಗಿದೆ, ಒಳಗೆ ಗಾಳಿ ಸೇರಿರಲೂಬಹುದು.

ಬೆಲ್ಟ್_ಗೋಕುಲರೋಡ್
ಬೆಲ್ಟ್ ನೋಡಿ ಅಂದಿದ್ದು ತಪ್ಪೇನಲ್ಲ. ಮೊದಲು ನೋಡಬೇಕಾದ್ದು ಅದನ್ನೇ. ಈಗ 10ಡಬ್ಲ್ಯು-30 ಎಲ್ಲಿ ಸಿಗುತ್ತದೆ ಅಂದರೆ, ಬೈಕ್ ಅಂಗಡಿಗೆ ಹೋಗಿ, ಬೇಕಾದಷ್ಟಿದೆ.

ಗಾಳಿಗಿರಣಿ_ಗದಗ
ಬೈಕ್ ಆಯಿಲ್ ಬೇಡ, ಕಾರಿನದು ತನ್ನಿ.

ಬೆಲ್ಟ್_ಗೋಕುಲರೋಡ್
ಯಾಕೆ ಬೇಡ? ಕಾರಣ ಹೇಳಿ.

ಪಾನಾ_12
ಬೈಕ್ ಆಯಿಲ್‌ನಲ್ಲಿ ಎರಡು ಜಾತಿ ಇದೆ. ಡಬ್ಬಿ ಹಿಂದೆ ಜಾಸೋ (ಜಪಾನಿನ ಆಯಿಲ್ ಗುಣಮಟ್ಟದ ಗುರುತು) ಎಂಎ ಅಂತಿದ್ದರೆ ಆಯಿಲ್‌ನಲ್ಲಿ ಮುಳುಗಿದ ಕ್ಲಚ್ ಇರುವ ಬೈಕ್‌ಗಳಿಗೆ. ಎಂಬಿ ಅಂತಿದ್ದರೆ ಸ್ಕೂಟರ್‌ಗೆ, ಅದು ಜಾರು ಜಾಸ್ತಿ. ಕೆ46 ಒಳಗೆ ಬ್ರೇಕ್ ಡಿಸ್ಕ್ ಸಹ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ. ಹಾಗಾಗಿ ಎಂಬಿ ನಾನು ಹಾಕುವುದಿಲ್ಲ. ಎಂಎ ಆಗಲಿ ಕಾರಿನ ಒಳ್ಳೆಯ 10ಡಬ್ಲ್ಯು-30 ಆಗಲಿ, ನಡೆಯುತ್ತದೆ. ಇದಕ್ಕೆ ಇಷ್ಟು ಜಗಳ ಬೇಕಿಲ್ಲ.

ಇನ್ನೊಂದು ದಾರಿ 5ಡಬ್ಲ್ಯು-50 ಸಿಂಥೆಟಿಕ್. ಟಫ್ ಟಾರ್ಕ್ ತನ್ನ ಹೆಸರಲ್ಲೇ ಅದನ್ನು ಮಾರುತ್ತದೆ. ಬಿಸಿಯಲ್ಲಿ ದಪ್ಪ ಉಳಿಸಿಕೊಳ್ಳುತ್ತದೆ, ಇಳಿಜಾರಿನ ಕೆಲಸಕ್ಕೆ ನನಗೆ ಇಷ್ಟ. ಬೆಲೆ ಜಾಸ್ತಿ, ಹುಡುಕಾಟವೂ ಜಾಸ್ತಿ. ಮದುವೆ ಹತ್ತಿರ ಇರುವಾಗ ಸಿಕ್ಕಿದ 10ಡಬ್ಲ್ಯು-30 ಹಾಕಿ ಕೆಲಸ ಮುಗಿಸಿ.

ಆದರೆ ಮೇಲಿಂದ ಪೈಪ್ ಹಾಕಿ ಎಳೆಯಬೇಡಿ. ಕೆ46ಗೆ ಕೆಳಗೆ ಡ್ರೈನ್ ಬೋಲ್ಟ್ ಇಲ್ಲ. ಪೂರ್ತಿ ಕಳಚಿ, ಬೋರಲು ಹಾಕಿ, ರಾತ್ರಿಯಿಡೀ ಬಸಿಯಲು ಬಿಡಬೇಕು. ಬಸಿದ ತಟ್ಟೆಯಲ್ಲಿ ಒಂದು ಮ್ಯಾಗ್ನೆಟ್ ಆಡಿಸಿ. ಬೂದಿಯಂಥ ನುಣುಪು ಪುಡಿ ಹತ್ತಿದರೆ ಚಿಂತೆ ಇಲ್ಲ, ಚೂರುಗಳು ಬಂದರೆ ಬರೆಯಿರಿ.

ತುಂಬಿದ ಮೇಲೆ ಗಾಳಿ ತೆಗೆಯಲೇಬೇಕು. ಹಿಂದಿನ ಚಕ್ರ ನೆಲದಿಂದ ಎತ್ತಿ, ಬರೀ ಜ್ಯಾಕ್ ನಂಬದೆ ಮಜಬೂತು ಸ್ಟ್ಯಾಂಡ್ ಕೊಡಿ, ಮುಂದಿನ ಚಕ್ರಕ್ಕೆ ಕಲ್ಲು ಇಡಿ. ಹಿಂದಿನ ಬೈಪಾಸ್ ಸಲಾಕೆ, ಅಂದರೆ ಗಾಡಿ ತಳ್ಳಲು ಎಳೆಯುತ್ತೀರಲ್ಲ ಅದು, ಎಳೆದಿಡಿ. ಎಂಜಿನ್ ನಿಧಾನಕ್ಕೆ ಇಟ್ಟು ಪೆಡಲ್ ಮುಂದೆ ಐದಾರು ಸೆಕೆಂಡ್, ಹಿಂದೆ ಐದಾರು ಸೆಕೆಂಡ್, ಹೀಗೆ ಐದಾರು ಸಲ. ಆಮೇಲೆ ಎಂಜಿನ್ ನಿಲ್ಲಿಸಿ ಸಲಾಕೆ ಒಳಗೆ ತಳ್ಳಿ, ಅದನ್ನೇ ಮತ್ತೆ ಮಾಡಿ. ಸೀಟ್ ಮೇಲೆ ಒಬ್ಬರು ಕೂರಬೇಕು, ಇಲ್ಲಾಂದ್ರೆ ಸೀಟ್ ಸ್ವಿಚ್ ಎಂಜಿನ್ ನಿಲ್ಲಿಸುತ್ತದೆ. ಆಯಿಲ್ ಕೆಳಗಿಳಿದಿದ್ದರೆ ಸ್ವಲ್ಪ ಹಾಕಿ, ಆದರೆ ಮೇಲಿನ ಟ್ಯಾಂಕ್ ಬಾಯಿತನಕ ತುಂಬಬೇಡಿ. ಬಿಸಿಯಾದರೆ ಆಯಿಲ್ ಉಬ್ಬುತ್ತದೆ, ಜಾಗ ಬೇಕು.

ಹಾವೇರಿ_ಮಿನಿಟ್ರ್ಯಾಕ್ಟರ್
ಇದಕ್ಕಿಂತ ಮಿನಿ ಟ್ರ್ಯಾಕ್ಟರ್‌ಗೆ ಹಿಂದೆ ಮೋವರ್ ಕಟ್ಟಿದರೆ ಆರಾಮ. ಡ್ರೈನ್ ಬೋಲ್ಟ್ ಬಿಚ್ಚಿದರೆ ಆಯಿಲ್ ತಾನೇ ಇಳಿಯುತ್ತದೆ. ಮೊನ್ನೆ ನಮ್ಮ ಊರಿನ ಶಾಲೆಯ ಮೈದಾನ ಎರಡು ತಾಸಿನಲ್ಲಿ ಮುಗಿಸಿದೆ.

ಗಾಳಿಗಿರಣಿ_ಗದಗ
ಕಳಚಿದಾಗ ಪುಲ್ಲಿ ಕೆಳಗಿನ ಫ್ಯಾನ್ ನೋಡುವುದು ಮರೆಯಬೇಡಿ. ಅದು ಪ್ಲಾಸ್ಟಿಕ್, ರೆಕ್ಕೆ ಮುರಿದಿದ್ದರೆ ಎಂಥ ಆಯಿಲ್ ಹಾಕಿದರೂ ಕುದಿಯುತ್ತದೆ. ಮೈಮೇಲಿನ ರಿಬ್‌ಗಳ, ಅಂದರೆ ಬಿಸಿ ಹೊರಹಾಕುವ ಏಣುಗಳ, ಸಂದಿಯಲ್ಲಿ ಹುಲ್ಲು ಮೆತ್ತಿಕೊಂಡಿದ್ದರೂ ಅಷ್ಟೇ.

ಕರಿಕಿ_ಧಾರವಾಡ
ನಾಲ್ಕು ದಿನ ಬರೆಯಲಿಲ್ಲ, ಇದರಲ್ಲೇ ಇದ್ದೆ. ಕಳಚುವುದಕ್ಕೇ ಒಂದು ದಿನ ಹೋಯಿತು. ಬಂದ ಆಯಿಲ್ ಹಾಲು ಹಾಕಿದ ಚಹಾದ ಬಣ್ಣ ಇತ್ತು, ಮ್ಯಾಗ್ನೆಟ್‌ಗೆ ಬೂದಿ ಪುಡಿ ಮಾತ್ರ ಹತ್ತಿತು, ಚೂರು ಇಲ್ಲ. ಫ್ಯಾನ್‌ನ ಎರಡು ರೆಕ್ಕೆ ಇಲ್ಲವೇ ಇಲ್ಲ. ರಿಬ್‌ಗಳ ನಡುವೆ ಕರಿಕಿ ಹುಲ್ಲು ಒಣಗಿ ಸಗಣಿ ಬೆರಣಿ ಹಾಗೆ ಕೂತಿತ್ತು, ಮರದ ಕಡ್ಡಿಯಿಂದ ಕೆರೆದು ತೆಗೆದೆ. ಫ್ಯಾನ್ ಇನ್ನೂ ಸಿಕ್ಕಿಲ್ಲ, ಹಳೆಯದನ್ನೇ ಹಾಕಿದ್ದೇನೆ. 10ಡಬ್ಲ್ಯು-30 ಕಾರಿನದು ಹಾಕಿ, ಹೇಳಿದ ಹಾಗೇ ಗಾಳಿ ತೆಗೆದೆ.

ಇವತ್ತು ಬೆಳಗ್ಗೆ ಆರಕ್ಕೆ ಶುರು ಮಾಡಿ ಎರಡು ತಾಸು ಓಡಿಸಿದೆ. ಏರಿನಲ್ಲಿ ನಿಲ್ಲಲಿಲ್ಲ. ಕೊನೆಯ ಕಾಲು ತಾಸು ಸ್ವಲ್ಪ ನಿಧಾನ ಅನಿಸಿತು. ಹಿಂದಕ್ಕೆ ಹೋಗುವಾಗ ಸಣ್ಣಗೆ ಕುಂಯ್ ಅನ್ನುತ್ತದೆ, ಅದು ಮೊದಲು ಇರಲಿಲ್ಲ.

ಪಾನಾ_12
ಕುಂಯ್ ಅನ್ನುವುದು ಇನ್ನೂ ಸ್ವಲ್ಪ ಗಾಳಿ ಉಳಿದಿದೆ ಅಂತ. ನಾಳೆ ತಣ್ಣಗಿದ್ದಾಗ ಆಯಿಲ್ ಮಟ್ಟ ನೋಡಿ, ಮತ್ತೊಂದು ಸಲ ಗಾಳಿ ತೆಗೆಯಿರಿ. ಹಾಲಿನ ಬಣ್ಣ ಗಾಳಿ ನೊರೆಯಿಂದಲೂ ಬರುತ್ತದೆ, ನೀರಿನಿಂದಲೂ ಬರುತ್ತದೆ. ತೊಳೆಯುವಾಗ ಆ ಕರಿ ಮುಚ್ಚಳದ ಮೇಲೆ ಪ್ರೆಷರ್ ನೀರು ಹೊಡೆಯುತ್ತೀರಾ?

ಕರಿಕಿ_ಧಾರವಾಡ
ಹೊಡೆಯುತ್ತಿದ್ದೆ. ಇನ್ನು ಹೊಡೆಯುವುದಿಲ್ಲ. ಮದುವೆ ಮುಗಿಯುವವರೆಗೆ ಬೆಳಗ್ಗೆ, ಸಂಜೆ ಮಾತ್ರ ಓಡಿಸುತ್ತೇನೆ. ಫ್ಯಾನ್ ಯಾರ ಹತ್ತಿರ ಇದ್ದರೂ ತಿಳಿಸಿ.

ರಾಣೆಬೆನ್ನೂರು_ಗ್ರೌಂಡ್
ನನ್ನದೂ ಇದೇ ತೊಂದರೆ, ಆದರೆ ಹೈಡ್ರೋ-ಗಿಯರ್ ಪ್ಲೇಟ್ ಇದೆ. ನಾನೂ 10ಡಬ್ಲ್ಯು-30 ಹಾಕಲಾ?

ಪಾನಾ_12
ಹಾಕಬೇಡಿ. ಅವರ ಸುಮಾರು ಮಾಡೆಲ್‌ಗಳಿಗೆ 20ಡಬ್ಲ್ಯು-50, ಕೆಲವಕ್ಕೆ 15ಡಬ್ಲ್ಯು-50 ಸಿಂಥೆಟಿಕ್. ಪ್ಲೇಟ್ ಮೇಲಿನ ಪೂರ್ತಿ ನಂಬರ್ ಬರೆದು ಬೇರೆ ಪ್ರಶ್ನೆ ಹಾಕಿ. ಹಿಂದೆ ಯಾರು ಯಾವ ಆಯಿಲ್ ಹಾಕಿದ್ದರು ಅನ್ನುವುದನ್ನೂ ಅದರಲ್ಲೇ ಬರೆಯಿರಿ.