ಸಹಾಯ ಬೇಕು: ಡೇಟಾಬೇಸಿನಿಂದ ಓದಿದ ಕನ್ನಡ ಪಠ್ಯ ಕೆಟ್ಟು ಕಾಣಿಸುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಸಣ್ಣ ಗ್ರಂಥಾಲಯದ ಪುಸ್ತಕಪಟ್ಟಿಯನ್ನು ಮೈಎಸ್‌ಕ್ಯುಎಲ್ ಡೇಟಾಬೇಸಿನ 5.6 ಆವೃತ್ತಿಯಿಂದ 8.0ಕ್ಕೆ ಸಾಗಿಸಿದ ಮೇಲೆ, ಹಳೆಯ ನಮೂದುಗಳಲ್ಲಿ ‘ಕ’ ಇರಬೇಕಾದ ಕಡೆ ತಲೆಯ ಮೇಲೆ ಗೀಟಿರುವ ಒಂದು ರೋಮನ್ ಅಕ್ಷರ, ಮೇಲಕ್ಕೇರಿದ ಸಣ್ಣ 2 ಮತ್ತು ಒಂದು ದಪ್ಪ ಚುಕ್ಕೆ ಕಾಣಿಸುತ್ತಿವೆ. ಇದು ಫಾಂಟಿನ ದೋಷವಲ್ಲ. ಅದೇ ಪುಟದಲ್ಲಿ ಹೊಸ ನಮೂದುಗಳು ಸರಿಯಾಗಿಯೇ ಮೂಡುತ್ತಿವೆ.

ಬೈಟುಗಳನ್ನು ತೋರಿಸುವ ಹೆಕ್ಸ್ ಫಂಕ್ಷನ್ ಬಳಸಿ ನೋಡಿದಾಗ, ಎಲ್ಲ ಲಿಪಿಗಳನ್ನೂ ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ 3 ಬೈಟ್ ಹಿಡಿಯಬೇಕಾದ ‘ಕ’ 7 ಬೈಟ್ ಹಿಡಿದಿದೆ. ಹಳೆಯ ಪಿಎಚ್‌ಪಿ ಪ್ರೋಗ್ರಾಂ ಸಂಪರ್ಕದ ಕ್ಯಾರೆಕ್ಟರ್ ಸೆಟ್ಟನ್ನು (ಅಕ್ಷರ-ಬೈಟುಗಳ ಹೊಂದಾಣಿಕೆಯ ಪಟ್ಟಿ) ಕನ್ನಡವಿಲ್ಲದ ಲ್ಯಾಟಿನ್1 ಆಗಿಯೇ ಬಿಟ್ಟಿದ್ದರಿಂದ ಪಠ್ಯ ಎರಡು ಸಲ ಎನ್‌ಕೋಡ್ ಆಗಿದೆ ಎಂಬುದು ನನ್ನ ತೀರ್ಮಾನ. ಟೇಬಲ್ಲಿನ ನಕಲೊಂದರಲ್ಲಿ ಆ ಕಾಲಂ ಅನ್ನು ಲ್ಯಾಟಿನ್1ಕ್ಕೆ, ಅಲ್ಲಿಂದ ಬೈನರಿಗೆ (ಬರಿಯ ಬೈಟುಗಳು), ಬಳಿಕ ಯುಟಿಎಫ್8ಎಂಬಿ4ಕ್ಕೆ (ಮೈಎಸ್‌ಕ್ಯುಎಲ್‌ನಲ್ಲಿ ಪೂರ್ಣ ಯುಟಿಎಫ್-8ರ ಹೆಸರು) ಪರಿವರ್ತಿಸಿದಾಗ ಹಳೆಯ ಹೆಸರುಗಳು ಒತ್ತಕ್ಷರ ಸಮೇತ ಮರಳಿದವು. ಆದರೆ ಸರಿಯಾಗಿದ್ದ ಹೊಸ ನಮೂದುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾದವು.

ಟೇಬಲ್ಲಿನಲ್ಲಿ ದಿನಾಂಕದ ಕಾಲಂ ಇಲ್ಲ. ಹೀಗಿರುವಾಗ ಕೆಟ್ಟ ಸಾಲುಗಳನ್ನಷ್ಟೇ ಆರಿಸುವ, ನಂಬಬಹುದಾದ ಷರತ್ತನ್ನು ಹೇಗೆ ಬರೆಯಬೇಕು? ಫೈಲಿಗೆ ಇಳಿಸಿಕೊಂಡು ಎಡಿಟರಿನಲ್ಲಿ ತಿದ್ದಲು ನನಗೆ ಧೈರ್ಯವಿಲ್ಲ. ಹಲಂತ ಚಿಹ್ನೆಯ ಕೊನೆಯ ಬೈಟಾದ 8ಡಿಗೆ, ಮೈಎಸ್‌ಕ್ಯುಎಲ್‌ನ ಲ್ಯಾಟಿನ್1ಕ್ಕೆ ಆಧಾರವಾದ ವಿಂಡೋಸ್-1252ರಲ್ಲಿ ಯಾವ ಅಕ್ಷರವೂ ಇಲ್ಲದ ಕಾರಣ ಅದು ದಾರಿಯಲ್ಲಿ ಕಳೆದುಹೋಗಬಹುದು. ಈ ಪಟ್ಟಿಯಲ್ಲಿ ಪುಸ್ತಕ ದಾನ ಮಾಡಿದ ಹಿರಿಯರ ಹೆಸರುಗಳೂ ಇವೆ, ಅವುಗಳಲ್ಲಿ ಒಂದಕ್ಷರವೂ ತಪ್ಪಬಾರದು. ಇಂಥ ಬೆರಕೆ ದತ್ತಾಂಶವನ್ನು ಸರಿಪಡಿಸಿದ ಅನುಭವವುಳ್ಳವರು ದಯವಿಟ್ಟು ಕ್ವೆರಿ ಸಮೇತ ತಿಳಿಸಿಕೊಡಿ.