ಐಎಸ್‌ಒ ಮಡಿ

ಸೀನ: ಹಕ್ಕಿ ಫೋಟೊಗೆ ಬೆಳಗಿನ ಜಾವ ಹೈಡಲ್ಲಿ, ಅಂದ್ರೆ ಅಡಗಿ ಕೂರೋ ಮರೆಯಲ್ಲಿ, ಕೂತ್ರೂ ಅಷ್ಟೇ. ಏನೇ ಹೇಳಿ, ನಾನು ಐಎಸ್‌ಒ, ಅದೇ ಕ್ಯಾಮೆರಾ ಬೆಳಕನ್ನ ಎಷ್ಟು ಹಿಗ್ಗಿಸಬೇಕು ಅನ್ನೋ ಅಂಕಿ, 400 ದಾಟಲ್ಲ. ನಾಯ್ಸ್, ಆ ಚುಕ್ಕಿ ಚುಕ್ಕಿ ಕಾಳು, ಬಂತು ಅಂದ್ರೆ ಫೋಟೊ ಕೆಟ್ಟ ಹಾಗೇ.

ರಾಜಿ: ಏನು ಮಡಿಯೋ ನಿಂದು! ಬೆಳಕು ಹರಿಯೋ ಹೊತ್ತಲ್ಲಿ ಲೆನ್ಸಿನ ಕಿಂಡಿ ಎಫ್ 5.6, ಐಎಸ್‌ಒ 6400 ಇಟ್ರೆ ಶಟರ್ ವೇಗ 1/125 ಸೆಕೆಂಡ್ ಸಿಗ್ತಿದೆ ಅಂತಿಟ್ಕೊ. 400ಕ್ಕೆ ಇಳಿಸಿದ್ರೆ ಅದು 1/8 ಆಗುತ್ತೆ. ಅಷ್ಟರಲ್ಲಿ ಗಿಡುಗ ಕತ್ತು ತಿರುಗಿಸಿ ಆಗಿರುತ್ತೆ. ನಾಯ್ಸೇ ಇಲ್ಲದ ಮೂರು ಕೊಕ್ಕಿನ ಹಕ್ಕಿ ಸಿಗುತ್ತೆ ನಿಂಗೆ.

ಮೂರ್ತಿ: ನಾಯ್ಸ್ ಒರೆಸೋಕೆ ಸಾಫ್ಟ್‌ವೇರ್ ಇದೆ. ಅಲುಗಿದ ಗರಿನ ಬ್ರಹ್ಮ ಬಂದ್ರೂ ಸರಿ ಮಾಡಲ್ಲ.

ಸೀನ: ಹಾಗಾದ್ರೆ ಕಪ್ಪಗೇ ತೆಗೆದು ಆಮೇಲೆ ಕಂಪ್ಯೂಟರಲ್ಲಿ ಬೆಳಗಿಸ್ತೀನಿ.

ರಾಜಿ: ಕತ್ತಲಲ್ಲಿ ಅಡಗಿ ಕೂತ ನಾಯ್ಸೂ ಜೊತೆಗೇ ಎದ್ದು ಬರುತ್ತೆ. ಕ್ಯಾಮೆರಾ ತಿದ್ದದ ರಾ ಫೈಲಲ್ಲಿ ತೆಗಿ, ಬೆಳಕಿನ ನಕ್ಷೆ ಹಿಸ್ಟೋಗ್ರಾಂ ಬಲಕ್ಕೆ, ಅಂದ್ರೆ ಬೆಳಕಿನ ಕಡೆಗೆ, ವಾಲಿರ್ಲಿ. ಎದೆಯ ಬಿಳಿ ಗರಿ ಸುಟ್ಟುಹೋಗದಿದ್ರೆ ಸಾಕು.

ಸೀನ: ಹಕ್ಕಿನ ಎರಡು ಪಟ್ಟು ದೊಡ್ಡದಾಗಿ ತೋರಿಸೋ 2x ಕನ್ವರ್ಟರ್ ಲೆನ್ಸಿಗೆ ಹಾಕಿದ್ರೆ?

ಮೂರ್ತಿ: ಎಫ್ 4 ಲೆನ್ಸು ಎಫ್ 8 ಆಗುತ್ತೆ, ಬೆಳಕು ಕಾಲು ಭಾಗಕ್ಕೆ ಇಳಿಯುತ್ತೆ. ಬಿಸಿಲು ಬರೋ ತನಕ ಅದು ಬ್ಯಾಗಲ್ಲಿ ಮಲಗಿರ್ಲಿ. ಹಾರೋ ಹಕ್ಕಿಯ ಆಸೆನೂ ಬಿಡು, ಅದಕ್ಕೆ 1/2000 ಬೇಕು. ಕೂತ ಹಕ್ಕಿಗೆ ಎಂಟು-ಹತ್ತು ಫ್ರೇಮ್ ಒಟ್ಟಿಗೆ ಹೊಡಿ. ಕತ್ತು ತಿರುಗಿಸೋದರ ನಡುವೆ ಒಂದು ಕ್ಷಣ ನಿಂತೇ ನಿಲ್ಲುತ್ತೆ, ಆ ಫ್ರೇಮ್ ನಿಂದು.

ರಾಜಿ: ಹೈಡ್‌ಗೆ ಹಲಗೆ ನೆಲ ಇದ್ರೆ ಟ್ರೈಪಾಡ್ ಕಾಲು ಹಲಗೆ ಮೇಲೆ ಇಡಬೇಡ. ಸಂದಿಯಲ್ಲಿ ಇಳಿಸಿ ಮಣ್ಣಿಗೆ ಊರು. ಇಲ್ಲಾಂದ್ರೆ ನೀನು ಕಾಲು ಬದಲಾಯಿಸಿದಾಗೆಲ್ಲ ಲೆನ್ಸೂ ಕಾಲು ಬದಲಾಯಿಸುತ್ತೆ.

ಸೀನ: ಒಳಗೆ ಕೂತ್ಮೇಲೆ ನಾನೆಲ್ಲಿ ಕಾಣ್ತೀನಿ ಬಿಡು.

ರಾಜಿ: ಬೆನ್ನ ಹಿಂದಿನ ಕಿಂಡಿ ತೆರೆದಿದ್ರೆ ಬೊಂಬೆಯಾಟದ ಬೊಂಬೆ ಥರ ಕಾಣ್ತೀಯ. ಅದನ್ನ ಮುಚ್ಚು. ಕಪ್ಪು ಬಟ್ಟೆ, ಕಪ್ಪು ಕೈಗವಸು ಹಾಕ್ಕೊ. ಕ್ಯಾಮೆರಾ ಪರದೆ, ಫೋಕಸ್ ದೀಪ, ಬೀಪ್ ಎಲ್ಲ ಆಫ್. ಲೆನ್ಸ್ ಹೊರಳಿಸೋದು ಹಕ್ಕಿ ತಲೆ ತಗ್ಗಿಸಿ ತಿನ್ನುವಾಗ ಮಾತ್ರ, ಅದೂ ಗಡಿಯಾರದ ಮುಳ್ಳಿನ ಥರ.

ಸೀನ: ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇದೆಯಲ್ಲ?

ಮೂರ್ತಿ: ಕೂತ ಹಕ್ಕಿಗೆ ಬೆಸ್ಟು. ರೆಕ್ಕೆ ಬಡಿದ್ರೆ ಕೆಲವು ಕ್ಯಾಮೆರಾದಲ್ಲಿ ರೆಕ್ಕೆ ಬಾಳೆಹಣ್ಣಿನ ಥರ ಬಾಗಿ ಬರುತ್ತೆ. ಮೆಕ್ಯಾನಿಕಲ್ ಶಟರ್ ಆದ್ರೆ ಮೊದಲು ಒಂದೇ ಒಂದು ಹೊಡೆದು ನೋಡು. ತಲೆ ಎತ್ತಿ ಮತ್ತೆ ತಿನ್ನೋಕೆ ಶುರು ಮಾಡಿದ್ರೆ ಮುಂದುವರಿಸು. ಮೈಯೆಲ್ಲ ಬಿಗಿಮಾಡಿ ನಿನ್ನ ಕಡೆನೇ ನೋಡ್ತಿದ್ರೆ ಕೈ ತೆಗಿ. ಗೂಡಿನ ಹತ್ತಿರ ಅಂತೂ ಹೈಡ್ ಹಾಕೋದೇ ಬೇಡ. ತಾಯಿ ಎದ್ದು ಹೋದ್ರೆ ಮೊಟ್ಟೆ ತಣ್ಣಗಾಗುತ್ತೆ.

ಸೀನ: ಎಷ್ಟು ಹೊತ್ತಿಗೆ ಒಳಗೆ ಹೋಗ್ಬೇಕು?

ರಾಜಿ: ಪೂರ್ತಿ ಕತ್ತಲಿರುವಾಗಲೇ. ಹೊರಗೆ ಬರೋದು ಹಕ್ಕಿ ತಾನಾಗೇ ಹಾರಿಹೋದ ಮೇಲೆ.

ಸೀನ: ಅದು ಮಧ್ಯಾಹ್ನದ ತನಕ ಕೂತೇ ಇದ್ರೆ?

ರಾಜಿ: ನೀನೂ ಕೂತೇ ಇರ್ತೀಯ. ಆ 400ರ ಮಡಿ ಅಲ್ಲಿಗೆ ಇಟ್ಕೊ. ಬೆಳಗ್ಗೆ ನೀರು 400 ಮಿಲಿ ದಾಟೋ ಹಾಗಿಲ್ಲ.